ಮರುನುಡಿಯಲಾರದ ಧರ್ಮದೊಡನೆ ಸಂವಾದ

ಧರ್ಮಗಳ ತೌಲನಿಕ ಅಧ್ಯಯನವು ಇಂದು ನಮ್ಮ ಮಠಗಳ ವೇದಿಕೆಗಳಿಗೂ ಕಾಲೇಜುಗಳ ವಿಚಾರಗೋಷ್ಠಿಗಳಿಗೂ ಸಮಾನವಾಗಿ ಪ್ರಿಯವಾಗಿರುವ ವಿಷಯ. ಅನ್ಯಧರ್ಮಗಳನ್ನು ಅರಿಯಬೇಕೆಂಬ ಹಂಬಲ ಶ್ಲಾಘ್ಯವಾದುದೇ ಸರಿ. ಆದರೆ ಅರಿಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಕೊಂಡಂತೆ ತೋರುವುದಿಲ್ಲ. ಅದರಲ್ಲಿಯೂ ಪ್ರಾಚೀನ ಈಜಿಪ್ಟಿನ ಮಾತು ಬಂದಾಗ ಲೇಖನಿಗೆ ಕಡಿವಾಣ ತಪ್ಪುವುದುಂಟು. ಒಸೈರಿಸನೆಂದರೆ ಈಶ್ವರ, ಐಸಿಸಳೆಂದರೆ ಈಶ್ವರಿ, ಏಪಿಸ್ ಎಂಬ ಗೂಳಿಯೆಂದರೆ ನಂದಿ, ಅಲ್ಲಿನ ದೇವತೆಗಳ ಕೈಯಲ್ಲಿ ಕಾಣುವ ಆಂಖ್ ಎಂಬ ಜೀವಚಿಹ್ನೆಯೆಂದರೆ ಲಿಂಗ, ಹೀಗೆ ಸಮೀಕರಣಗಳು ಬೆಳೆಯುತ್ತ ಹೋಗಿ ಕೊನೆಗೆ ನೈಲ್ ನದಿಯ ಬಯಲೆಲ್ಲ ಒಂದಾನೊಂದು ಕಾಲದಲ್ಲಿ ಶೈವಕ್ಷೇತ್ರವಾಗಿತ್ತೆಂಬ ನಿರ್ಣಯಕ್ಕೆ ಬಂದು ನಿಲ್ಲುತ್ತವೆ. ಕೇಳುವ ಭಕ್ತರಿಗೆ ಹಿಗ್ಗಾಗುತ್ತದೆ. ಆ ಹಿಗ್ಗಿಗೆ ನಾವು ತೆರುವ ಬೆಲೆ ಎಂಥದೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಂಥ ಸಮೀಕರಣ ಎಷ್ಟು ಸುಲಭವೆಂಬುದಕ್ಕೆ ನಮ್ಮ ಮಲೆನಾಡಿನ ಸೀಮೆಯಿಂದಲೇ ಒಂದು ನಿದರ್ಶನವನ್ನು ಕಟ್ಟಿ ತೋರಿಸಬಹುದು. ಸಕಲೇಶಪುರದಲ್ಲಿ ಹೇಮಾವತಿಯ ದಡದ ಮೇಲೆ ಸಕಲೇಶ್ವರಸ್ವಾಮಿಯ ಗುಡಿಯಿದೆ. ಊರಿನ ಹೆಸರು ಆ ದೇವರಿಂದ ಬಂದುದು. ಸಂಸ್ಕೃತದಲ್ಲಿ 'ಶಕಲ'ವೆಂದರೆ ತುಂಡು, ಚೂರು. ಅಲ್ಲಿ ಭಿನ್ನವಾದ ಲಿಂಗವೊಂದು ಕಂಡುಬಂದುದರಿಂದ ಶಕಲೇಶ್ವರನೆಂಬ ಹೆಸರಾಯಿತು, ಅದೇ ಸಕಲೇಶ್ವರನಾಯಿತು ಎಂಬ ಪ್ರತೀತಿ ಜನರಲ್ಲಿದೆ. ಇತ್ತ ಒಸೈರಿಸನ ಕಥೆಯನ್ನು ನೋಡಿ: ತಮ್ಮನಾದ ಸೆತ್ ಅವನನ್ನು ಕೊಂದು ದೇಹವನ್ನು ೧೪ ತುಂಡುಗಳಾಗಿ ಕಡಿದು ಚೆಲ್ಲಿದನೆಂದೂ, ಪತ್ನಿಯಾದ ಐಸಿಸ್ ಅವುಗಳನ್ನು ಅರಸಿ ಕೂಡಿಸಿದಳೆಂದೂ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಇಲ್ಲಿ ಶಕಲವಾದ ಲಿಂಗ, ಅಲ್ಲಿ ಶಕಲವಾದ ದೇವರು. ಇಲ್ಲಿ ಹೇಮಾವತಿ, ಅಲ್ಲಿ ನೈಲ್. ಒಂದು ಗಂಟೆಯ ಉಪನ್ಯಾಸಕ್ಕೆ ಇಷ್ಟು ಸಾಮಗ್ರಿ ಧಾರಾಳವಾಗಿ ಸಾಕು.

ಆದರೆ ಸ್ವಲ್ಪ ನಿಂತು ನೋಡಿದರೆ ಈ ಕಟ್ಟಡ ಕುಸಿಯುತ್ತದೆ. ಸಕಲೇಶಪುರದ ಪ್ರತೀತಿ ಒಂದು ಸ್ಥಳನಾಮಕ್ಕೆ ಅರ್ಥ ಹೇಳುವ ಪ್ರಯತ್ನ. ಸಕಲಕ್ಕೂ ಈಶ್ವರನಾದವನು ಸಕಲೇಶ್ವರನೆಂದರೂ ಅರ್ಥ ಕೆಡುವುದಿಲ್ಲ. ಶೈವರಿಗೆ ಲಿಂಗಭಂಗವೆಂಬುದು ನೊಂದುಕೊಳ್ಳಬೇಕಾದ, ಪ್ರಾಯಶ್ಚಿತ್ತದಿಂದ ಸರಿಪಡಿಸಬೇಕಾದ ಆಕಸ್ಮಿಕ. ಶಿವತತ್ತ್ವವು ಅದರಿಂದ ಭಂಗಗೊಳ್ಳುವುದಿಲ್ಲ. ಒಸೈರಿಸನ ಸಂಗತಿಯಾದರೋ ಬೇರೆ. ಅಲ್ಲಿ ದೇವರೇ ಸಾಯುತ್ತಾನೆ. ಅವನ ಸಾವು, ಅಂಗಗಳ ಕೂಡಿಕೆ, ಮಗನಾದ ಹೋರಸನ ಉತ್ತರಾಧಿಕಾರ ಇವೇ ಆ ಮತದ ನಡುಗಂಬಗಳು. ಮೃತನಾದ ಪ್ರತಿಯೊಬ್ಬನ ಶವಸಂಸ್ಕಾರವೂ ಆ ಕಥೆಯ ಮರುನಡೆ. ಒಂದೆಡೆ ತುಂಡಾಗುವಿಕೆ ಸ್ಥಳಪುರಾಣದ ಅಂಚಿನಲ್ಲಿದೆ, ಇನ್ನೊಂದೆಡೆ ಅದು ಧರ್ಮದ ಹೃದಯದಲ್ಲಿದೆ. 'ತುಂಡು' ಎಂಬ ಒಂದು ಮಾತಿನ ಸಾಮ್ಯದಿಂದ ಇವೆರಡನ್ನೂ ಗಂಟುಹಾಕಿದರೆ ಎರಡೂ ನಮಗೆ ಅರ್ಥವಾಗದೆ ಉಳಿಯುತ್ತವೆ.

ಈ ಗಂಟುಹಾಕುವ ಚಾಳಿ ನಮ್ಮವರಿಂದ ಹುಟ್ಟಿದುದಲ್ಲ. ೧೭೯೨ರಲ್ಲಿ ಫ್ರಾನ್ಸಿಸ್ ವಿಲ್ಫರ್ಡ್ ಎಂಬ ಸೇನಾಧಿಕಾರಿ 'ಏಷಿಯಾಟಿಕ್ ರಿಸರ್ಚಸ್' ಪತ್ರಿಕೆಯ ಮೂರನೆಯ ಸಂಪುಟದಲ್ಲಿ ಪುರಾಣಗಳ ಆಧಾರದಿಂದ ಈಜಿಪ್ಟನ್ನೂ ನೈಲ್ ನದಿಯನ್ನೂ ವರ್ಣಿಸುವ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದನು. ಯುರೋಪಿನ ವಿದ್ವಾಂಸರು ಬೆರಗಾದರು. ಆದರೆ ಅವನಿಗೆ ಬೇಕಾದ ಹೆಸರುಗಳನ್ನು ಅವನ ಪಂಡಿತನೇ ಹಸ್ತಪ್ರತಿಗಳಲ್ಲಿ ತಿದ್ದಿ ಸೇರಿಸಿಕೊಟ್ಟಿದ್ದನೆಂಬುದು ಆಮೇಲೆ ಬಯಲಾಗಿ, ಅದೇ ಪತ್ರಿಕೆಯ ಎಂಟನೆಯ ಸಂಪುಟದಲ್ಲಿ ವಿಲ್ಫರ್ಡನೇ ಅದನ್ನು ಒಪ್ಪಿಕೊಳ್ಳಬೇಕಾಯಿತು. ಕೇಳುವವನಿಗೆ ಯಾವ ಉತ್ತರ ಬೇಕಾಗಿದೆಯೆಂಬುದು ಮೊದಲೇ ತಿಳಿದಿದ್ದರೆ ಆಧಾರಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅದೇ ಕಾಲದಲ್ಲಿ, ೧೮೦೧ರಲ್ಲಿ, ನೆಪೋಲಿಯನ್ನನ ಸೇನೆಯ ವಿರುದ್ಧ ಹೋರಾಡಲು ಈಜಿಪ್ಟಿಗೆ ಕಳುಹಿಸಲ್ಪಟ್ಟ ಭಾರತದ ಸಿಪಾಯಿಗಳು ಡೆಂಡೆರಾದ ದೇವಾಲಯದಲ್ಲಿನ ಮೂರ್ತಿಗಳನ್ನು ಕಂಡು, ಇವು ನಮ್ಮ ದೇವರುಗಳೇ ಎಂದು ಕೈಮುಗಿದರೆಂದು ಆಗಿನ ವರದಿಗಳು ಹೇಳುತ್ತವೆ. ಸಿಪಾಯಿಗಳ ಕೈಮುಗಿಯುವಿಕೆಯಲ್ಲಿ ದೋಷವೇನೂ ಇಲ್ಲ. ಅದು ಭಕ್ತಿಯ ಸಹಜ ನಡೆ. ಅದನ್ನು ಚರಿತ್ರೆಯ ಪ್ರಮಾಣವೆಂದು ಎತ್ತಿ ಹಿಡಿದ ವಿದ್ವಾಂಸರಲ್ಲಿ ದೋಷವಿದೆ.

ಇಲ್ಲಿ ಒಂದು ಇಸವಿಯನ್ನು ನೆನಪಿಡಬೇಕು. ಫ್ರಾನ್ಸಿನ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ರಹಸ್ಯವನ್ನು ಭೇದಿಸಿದುದು ೧೮೨೨ರಲ್ಲಿ. ಅದಕ್ಕೆ ಮೊದಲು ಆ ಧರ್ಮದ ಸ್ವಂತ ಗ್ರಂಥಗಳ ಒಂದು ಸಾಲನ್ನಾದರೂ ಓದಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ಗ್ರೀಕರೂ ರೋಮನರೂ ಬರೆದಿಟ್ಟುದೇ ಎಲ್ಲರಿಗೂ ಆಧಾರ. ಹಾಗಿದ್ದೂ ಲಿಂಗವೆಂದರೇನು, ಒಸೈರಿಸನೆಂದರೇನು, ಅವೆರಡರ ಸಂಬಂಧವೇನು ಎಂಬ ಬಗ್ಗೆ ತೀರ್ಪುಗಳು ಆ ವೇಳೆಗಾಗಲೇ ಹೊರಬಿದ್ದಿದ್ದವು.

ಆ ತೀರ್ಪುಗಳಿಂದ ನಮಗೆ ಆದ ನೋವನ್ನು ವೀರಶೈವರು ಮರೆಯಲಾರರು. ೧೭೯೯ರ ಅನಂತರ ೧೮೨೩ರವರೆಗೆ ಮೈಸೂರು ಸೀಮೆಯಲ್ಲಿ ನೆಲಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್ ಬರೆದ ಗ್ರಂಥ ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಲಿಂಗಧಾರಿಗಳು ಬೆಳ್ಳಿಯ ಕರಡಿಗೆಯಲ್ಲಿ ಲಿಂಗವನ್ನಿರಿಸಿ ಕೊರಳಲ್ಲಿ ಧರಿಸುವುದನ್ನು ಆತ ಕಣ್ಣಾರೆ ಕಂಡು ಬರೆದಿದ್ದಾನೆ. ಆದರೆ ಆ ಲಿಂಗದ ಅರ್ಥವನ್ನು ಹೇಳುವಾಗ ಅದನ್ನು ಅಶ್ಲೀಲವಾದ ಕುರುಹೆಂದು ಜರೆದಿದ್ದಾನೆ. ಕಂಡುದು ನಿಜ, ಅರ್ಥ ಮಾತ್ರ ಹೊರಗಿನಿಂದ ತಂದು ಹೊದಿಸಿದುದು. ಒಸೈರಿಸನ ಅಂಗಗಳಲ್ಲಿ ಸಿಕ್ಕದೆ ಹೋದುದರ ಪ್ರತಿಕೃತಿಯನ್ನು ಐಸಿಸ್ ಪೂಜೆಗೆ ಇರಿಸಿದಳೆಂಬ ಪ್ಲುಟಾರ್ಕನ ಮಾತನ್ನು ಹಿಡಿದು, ಲೋಕದ ಲಿಂಗಾರಾಧನೆಯೆಲ್ಲ ಅದೇ ಬಗೆಯದೆಂದು ಸಾಧಿಸುವ ಗ್ರಂಥಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬಂದವು. ಇದಕ್ಕೆ ನಮ್ಮ ವಿದ್ವಾಂಸರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ಇಷ್ಟಲಿಂಗವು ಗುರುವು ದೀಕ್ಷೆಯಲ್ಲಿ ಶಿಷ್ಯನ ಚಿತ್ಕಳೆಯನ್ನೇ ಕರಸ್ಥಲಕ್ಕೆ ತಂದುಕೊಟ್ಟ ಕುರುಹು, ನಿರಾಕಾರವಾದುದರ ಸಾಕಾರ. ಅದರ ಅರ್ಥವನ್ನು ಷಟ್‌ಸ್ಥಲ ಶಾಸ್ತ್ರದಲ್ಲಿಯೂ ಶರಣರ ವಚನಗಳಲ್ಲಿಯೂ ಸಿದ್ಧಾಂತಶಿಖಾಮಣಿಯಲ್ಲಿಯೂ ಹುಡುಕಬೇಕೇ ಹೊರತು ಅನ್ಯದೇಶಗಳ ಪುರಾಣಗಳಲ್ಲಿ ಅಲ್ಲ. ಡಾ. ಎಸ್. ಸಿ. ನಂದಿಮಠರ ೧೯೪೨ರ ಇಂಗ್ಲಿಷ್ ಗ್ರಂಥವು ವೀರಶೈವವನ್ನು ಅದರ ಸ್ವಂತ ಪರಿಭಾಷೆಯಿಂದಲೇ ಲೋಕಕ್ಕೆ ಪರಿಚಯಿಸಿದ ಕೃತಿಗಳಲ್ಲಿ ಗಣ್ಯವಾದುದು.

ನಮ್ಮ ಆಕ್ಷೇಪದ ತಿರುಳು ಇಷ್ಟೇ: ನಮ್ಮನ್ನು ಕೇಳದೆ ನಮ್ಮ ಅರ್ಥವನ್ನು ಹೇಳಿದಿರಿ. ಈ ಆಕ್ಷೇಪ ನ್ಯಾಯವಾದುದಾದರೆ ಅದು ಎಲ್ಲರಿಗೂ ಅನ್ವಯಿಸಬೇಕು. ಒಸೈರಿಸನನ್ನು ಈಶ್ವರನೆಂದು ಕರೆಯುವಾಗ ನಾವು ಈಜಿಪ್ಟಿನವರನ್ನು ಕೇಳಿದ್ದೇವೆಯೆ? ನಾವು ನೊಂದಾಗ ಉತ್ತರ ಹೇಳಲು ನಮಗೆ ಬಾಯಿತ್ತು, ಮಠಗಳಿದ್ದವು, ಮುದ್ರಣಾಲಯಗಳಿದ್ದವು. ಆ ಧರ್ಮಕ್ಕೆ ಇಂದು ಪೂಜಾರಿಯಿಲ್ಲ, ಭಕ್ತನಿಲ್ಲ. ತಪ್ಪಾಗಿ ಹೇಳಿದರೆ ಹಾಗಲ್ಲವೆಂದು ಮರುನುಡಿಯುವವರಿಲ್ಲ. ಆದುದರಿಂದಲೇ ಅದರ ವಿಷಯದಲ್ಲಿ ಮಾತನಾಡುವವನ ಹೊಣೆ ಹೆಚ್ಚಿನದು.

ಈ ಹೊಣೆಯನ್ನರಿತು ಬರೆದ ವಿದ್ವಾಂಸರು ಇಲ್ಲದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಹಾರ್ನುಂಗರು 'ಏಕ ಮತ್ತು ಅನೇಕ' ಎಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ೧೯೭೧ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಜಾನ್ ಬೇನ್ಸರ ಇಂಗ್ಲಿಷ್ ಅನುವಾದ ೧೯೮೨ರಲ್ಲಿ ಬಂತು. ಈಜಿಪ್ಟಿನವರು ಒಳಗೊಳಗೇ ಏಕದೇವವಾದಿಗಳಾಗಿದ್ದರೆಂದು ಹಿಂದಿನ ಕೆಲವು ವಿದ್ವಾಂಸರು ಸಾಧಿಸಲು ಹೊರಟಿದ್ದರು. ತಮ್ಮ ಧರ್ಮವನ್ನು ಹೋಲುವುದೇ ಹಿರಿಮೆಯೆಂಬ ಭಾವ ಅದರ ಹಿಂದಿತ್ತು. ಹಾರ್ನುಂಗರು ಆ ಜಾಡನ್ನು ತುಳಿಯದೆ, ದೇವರಿಗೆ ಈಜಿಪ್ಟಿನ ಭಾಷೆಯಲ್ಲಿ ಇದ್ದ ಪದ ಯಾವುದು, ಅದು ಎಲ್ಲೆಲ್ಲಿ ಹೇಗೆ ಬಳಕೆಯಾಗಿದೆ, ಚಿತ್ರಗಳಲ್ಲಿ ದೇವರು ಹೇಗೆ ತೋರುತ್ತಾರೆ ಎಂದು ಮೊದಲಿಂದ ವಿಚಾರಿಸುತ್ತಾರೆ. ಆ ವಿಚಾರಣೆಯಲ್ಲಿ ಹೊರಡುವ ದೇವರುಗಳು ಹುಟ್ಟುವವರು, ಮುಪ್ಪಾಗುವವರು, ಒಂದು ದಿನ ಇಲ್ಲವಾಗುವವರು. ಒಬ್ಬ ದೇವರು ಇನ್ನೊಬ್ಬನಲ್ಲಿ ಸೇರಬಲ್ಲ, ಸೇರಿಯೂ ತಾನು ತಾನಾಗಿ ಉಳಿಯಬಲ್ಲ.

ವೀರಶೈವ ವಾಚಕನಿಗೆ ಈ ಗ್ರಂಥ ಬೆಳಕು ಕೊಡುವುದು ಈ ಕೊನೆಯ ಅಂಶದಲ್ಲಿ. ಸೂರ್ಯನಾದ ರಾ ದೇವನು ಪ್ರತಿರಾತ್ರಿ ಪಾತಾಳಕ್ಕಿಳಿದು ಒಸೈರಿಸನಲ್ಲಿ ಒಂದಾಗುತ್ತಾನೆ. ರಾಣಿ ನೆಫರ್ತಾರಿಯ ಸಮಾಧಿಯ ಗೋಡೆಯ ಮೇಲೆ ಈ ಕೂಟವನ್ನು ಟಗರಿನ ತಲೆಯ ಒಂದೇ ಮೂರ್ತಿಯಾಗಿ ಚಿತ್ರಿಸಿದ್ದಾರೆ. ಇದನ್ನು ಕಂಡ ಕೂಡಲೇ ಲಿಂಗಾಂಗ ಸಾಮರಸ್ಯವನ್ನು ನೆನೆಯುವುದು ಸಹಜ. ಆದರೆ ಬೆಳಗಾಗುತ್ತಲೇ ರಾ ಮೇಲೆದ್ದು ಹೋಗುತ್ತಾನೆ, ಒಸೈರಿಸ್ ಪಾತಾಳದಲ್ಲಿಯೇ ಉಳಿಯುತ್ತಾನೆ. ಆ ಅಗಲಿಕೆಯಿಲ್ಲದಿದ್ದರೆ ಲೋಕಕ್ಕೆ ಬೆಳಗೇ ಇಲ್ಲ. ಮೃತನಾದವನೂ ಹಾಗೆಯೇ. ಅವನ ಹೆಸರಿನ ಹಿಂದೆ ಒಸೈರಿಸನ ಹೆಸರು ಸೇರುತ್ತದೆ, ಅವನ ಸ್ವಂತ ಹೆಸರು ಅಳಿಯುವುದಿಲ್ಲ. ಹೆಸರು ಅಳಿದರೆ ಅವನೇ ಅಳಿದಂತೆ. ಆದ್ದರಿಂದಲೇ ದೇಹವನ್ನು ಕೆಡದಂತೆ ಕಾಪಾಡುವ ಅಷ್ಟು ದೊಡ್ಡ ಪ್ರಯತ್ನ.

ನಮ್ಮ ಐಕ್ಯಸ್ಥಲವಾದರೋ ಕರ್ಪೂರವು ಉರಿಯೊಳಗಾದಂತೆ. ಅಲ್ಲಿ ಮರುದಿನದ ಅಗಲಿಕೆಯಿಲ್ಲ, ಕಾಪಾಡಬೇಕಾದ ಹೆಸರಿಲ್ಲ. ಮೇಲಾಗಿ ಅದು ಸತ್ತ ಬಳಿಕ ಬರುವ ಪದವಿಯಲ್ಲ. ಭಕ್ತಸ್ಥಲದಿಂದ ಹೆಜ್ಜೆಹೆಜ್ಜೆಯಾಗಿ ಏರಿದ ಶರಣನಿಗೆ ಇರುವಾಗಲೇ ಆಗುವ ನಿಲವು. ನಾವೂ ಮೃತರನ್ನು 'ಲಿಂಗೈಕ್ಯ'ರೆನ್ನುತ್ತೇವೆ, ಅವರೂ ಮೃತರನ್ನು 'ಒಸೈರಿಸ್' ಎನ್ನುತ್ತಿದ್ದರು ಎಂಬಲ್ಲಿಗೇ ಹೋಲಿಕೆಯನ್ನು ನಿಲ್ಲಿಸಿದವನು ಈ ಅಂತರವನ್ನು ಕಾಣಲಾರ. ಅಂತರವನ್ನು ಕಂಡವನಿಗಾದರೋ ಐಕ್ಯವೆಂಬ ನಮ್ಮ ಹಳೆಯ ಮಾತು ಹೊಸದಾಗಿ ಹೊಳೆಯುತ್ತದೆ. ಹೆಸರನ್ನು ಉಳಿಸಿಕೊಳ್ಳಲು ಒಂದು ಮಹಾಸಂಸ್ಕೃತಿ ಮೂರು ಸಾವಿರ ವರ್ಷ ಕಲ್ಲು ಕಡಿಯಿತು. ಹೆಸರಳಿಯುವುದೇ ಪರಮಪದವೆಂದು ನಮ್ಮ ಶರಣರು ನುಡಿದರು. ಮರಣದ ಎದುರಿನಲ್ಲಿ ಮನುಷ್ಯನು ಕೊಟ್ಟ ಈ ಎರಡು ಉತ್ತರಗಳೂ ಗಂಭೀರವಾದವು. ಒಂದನ್ನು ಇನ್ನೊಂದರ ವಿಕೃತರೂಪವೆಂದು ಹೇಳಿದರೆ ಎರಡಕ್ಕೂ ಅಪಚಾರ.

ಫೇರೋ ಅಖೆನಾತನ್ನನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕ್ರಿ. ಪೂ. ೧೪ನೆಯ ಶತಮಾನದಲ್ಲಿ ಅವನು ಸೂರ್ಯಬಿಂಬವಾದ ಆತೆನ್ ಒಬ್ಬನನ್ನೇ ದೇವರೆಂದು ಸಾರಿ, ಆಮುನ್ ದೇವರ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದನು. ಏಕದೇವನಿಷ್ಠೆಯೆಂಬ ಒಂದು ಅಂಶವನ್ನು ಹಿಡಿದು ಅವನನ್ನು ಬಸವಣ್ಣನವರ ಪಕ್ಕದಲ್ಲಿ ನಿಲ್ಲಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಆತೆನ್ನನನ್ನು ಬಲ್ಲವನು ರಾಜನೊಬ್ಬನೇ. ಪ್ರಜೆಗಳ ಮನೆಯ ಪೂಜಾಫಲಕಗಳಲ್ಲಿ ಆತೆನ್ನನ ಕಿರಣಗಳ ಕೆಳಗೆ ರಾಜ, ರಾಣಿ, ರಾಜಪುತ್ರಿಯರೇ ಕುಳಿತಿದ್ದಾರೆ. ರಾಜನು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಆ ಮತವೂ ತೀರಿತು. ಕಲ್ಯಾಣದಲ್ಲಿ ನಡೆದುದು ಇದರ ವಿಪರ್ಯಯ. ಅಲ್ಲಿ ಮಡಿವಾಳನ ಕರಸ್ಥಲದಲ್ಲಿಯೂ ಅಂಬಿಗನ ಕರಸ್ಥಲದಲ್ಲಿಯೂ ದೇವರಿದ್ದ, ನಡುವೆ ರಾಜನಿರಲಿಲ್ಲ. ಅರಮನೆಯ ಆಶ್ರಯ ತಪ್ಪಿ ಶರಣರು ಚದುರಿದರೂ ಧರ್ಮ ಉಳಿಯಿತು. ದೇವರು ಒಬ್ಬನೆನ್ನುವುದು ಎಷ್ಟು ಮುಖ್ಯವೋ ಆ ಒಬ್ಬನ ಬಳಿಗೆ ಯಾರು ಹೋಗಬಲ್ಲರು ಎನ್ನುವುದೂ ಅಷ್ಟೇ ಮುಖ್ಯವೆಂಬುದನ್ನು ಈ ಹೋಲಿಕೆ ಕಲಿಸುತ್ತದೆ.

ಹಾರ್ನುಂಗರ ಗ್ರಂಥ ಒಂದೇ ಧರ್ಮದ ಒಳಗಿನದು. ಧರ್ಮ ಧರ್ಮಗಳ ನಡುವಣ ಮಾತನ್ನು ಎತ್ತಿಕೊಂಡವರು ಜರ್ಮನಿಯ ಯಾನ್ ಆಸ್ಮನ್ನರು. ೧೯೯೭ರಲ್ಲಿ ಪ್ರಕಟವಾದ 'ಮೋಸಸ್ ದಿ ಈಜಿಪ್ಷಿಯನ್' ಎಂಬ ಗ್ರಂಥದಲ್ಲಿ ಅವರ ವಾದ ಹೀಗಿದೆ: ಬಹುದೇವತಾರಾಧಕರಾದ ಪ್ರಾಚೀನರು ಒಬ್ಬರ ದೇವರನ್ನು ಇನ್ನೊಬ್ಬರ ದೇವರ ಹೆಸರಿಗೆ ಅನುವಾದಿಸಬಲ್ಲವರಾಗಿದ್ದರು, ನಿಜಧರ್ಮ ಮಿಥ್ಯಾಧರ್ಮ ಎಂಬ ಭೇದವನ್ನು ತಂದವು ಏಕದೇವಮತಗಳು. ಇದಕ್ಕೆ ಪುಷ್ಟಿ ಕೊಡುವ ಸಂಗತಿಗಳು ಇಲ್ಲದಿಲ್ಲ. ಕ್ರಿ. ಪೂ. ೧೨೫೯ರ ಸುಮಾರಿನಲ್ಲಿ ಎರಡನೆಯ ರಾಮ್ಸೆಸನಿಗೂ ಹಿಟ್ಟೈಟ್ ದೊರೆಗೂ ಆದ ಸಂಧಿಪತ್ರಕ್ಕೆ ಎರಡೂ ನಾಡುಗಳ ಸಾವಿರ ಸಾವಿರ ದೇವರುಗಳು ಸಾಕ್ಷಿ. ಹಿಟ್ಟೈಟರ ಬಿರುಗಾಳಿಯ ದೇವರು ಈಜಿಪ್ಟಿನ ಪಾಠದಲ್ಲಿ 'ಹಿಟ್ಟೈಟರ ಸೆತ್' ಆಗಿದ್ದಾನೆ. ಒಬ್ಬರ ದೇವರನ್ನು ಒಬ್ಬರು ಗುರುತಿಸದಿದ್ದರೆ ಆ ಶಾಂತಿ ಸಾಧ್ಯವಾಗುತ್ತಿರಲಿಲ್ಲ.

ಆದರೆ ಆಸ್ಮನ್ನರ ವಾದವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಅನುವಾದವಾಗುವುದು ದೇವರ ಕಾರ್ಯ ಮತ್ತು ಹೆಸರು ಮಾತ್ರ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ೧೩೮೦ನೆಯ ಸಂಖ್ಯೆಯ ಪಪೈರಸ್ ಐಸಿಸ್ ದೇವಿಯ ನಾಮಾವಳಿ. ಆಯಾ ಊರುಗಳಲ್ಲಿಯೂ ನಾಡುಗಳಲ್ಲಿಯೂ ಆಕೆಗೆ ಯಾವ ಯಾವ ಹೆಸರೆಂದು ಹೇಳುತ್ತ, ಇಂಡಿಯಾದವರಲ್ಲಿ ಆಕೆ 'ಮಾಯಾ' ಎನ್ನುತ್ತದೆ. ನಮ್ಮ ಕಿವಿಗೆ ಒಡನೆಯೇ ಮಾಯೆ ಕೇಳಿಸುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವನ್ನು ಸೋಲಿಸಲು ಬಂದು ತಾನೇ ಸೋತ ಮಾಯೆ. ಗ್ರೀಕರಲ್ಲಿಯೂ ಅದೇ ಹೆಸರಿನ ಒಬ್ಬ ದೇವಿಯುಂಟೆಂಬುದನ್ನು ಮರೆತರೆ ಐಸಿಸಳನ್ನು ಬನವಾಸಿಗೆ ಕರೆತರುವುದು ಎಷ್ಟು ಹೊತ್ತಿನ ಕೆಲಸ! ಆ ನಾಮಾವಳಿಯ ಭಕ್ತನಿಗೆ ಇಂಡಿಯಾದ ದೇವಿಯ ವಿಷಯವಾಗಿ ತಿಳಿಯಬೇಕಾದುದು ಏನೂ ಇರಲಿಲ್ಲ. ತನ್ನ ದೇವಿಯ ಮಹಿಮೆ ಅಲ್ಲಿಯವರೆಗೂ ಹಬ್ಬಿದೆಯೆಂದರೆ ಅವನಿಗೆ ಸಾಕು. ಇದು ಔದಾರ್ಯದಂತೆ ತೋರುವ ಸ್ವೀಕಾರ, ಸಂವಾದವಲ್ಲ. ಇನ್ನು ಶರಣರ ನಿಷ್ಠೆ ಅನನ್ಯವಾದುದು. ಇಷ್ಟಲಿಂಗವನ್ನುಳಿದು ಅನ್ಯದೈವಕ್ಕೆರಗದ ಅವರನ್ನು ಎಲ್ಲ ದೇವರನ್ನೂ ಅದಲುಬದಲು ಮಾಡುವವರ ಸಾಲಿಗೆ ಸೇರಿಸಲು ಬಾರದು. ನಿಷ್ಠೆಯನ್ನು ಮರೆಮಾಡಿ ನಡೆಸುವ ಸಂವಾದದಲ್ಲಿ ಮಾತನಾಡುವವರು ನಾವಾಗಿರುವುದಿಲ್ಲ.

ಹಾಗಾದರೆ ನಿಷ್ಠೆಯುಳ್ಳವರು ಪರಸ್ಪರ ಸಂಧಿಸುವುದು ಹೇಗೆ? ಅದೇ ಆಕ್ಸಿರಿಂಕಸ್ಸಿನ ಇನ್ನೊಂದು ಪಪೈರಸ್ ಕನ್ನಡಿಗರಿಗೆ ಚಿರಪರಿಚಿತ. ೪೧೩ನೆಯ ಸಂಖ್ಯೆಯ ಆ ಗ್ರೀಕ್ ಪ್ರಹಸನವನ್ನು ಗ್ರೆನ್‌ಫೆಲ್ ಮತ್ತು ಹಂಟರು ೧೯೦೩ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಜ್ ಎಂಬ ಜರ್ಮನ್ ಶಾಸನತಜ್ಞರು ೧೯೦೪ರಲ್ಲಿ ಸೂಚಿಸಿದರು, ಆರ್. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಜಾಡಿನಲ್ಲಿ ಮುನ್ನಡೆದರು. ಆ ಮಾತುಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ನಮ್ಮ ಚರ್ಚೆಯೆಲ್ಲ ಆ ಶಬ್ದಗಳ ಸುತ್ತಲೇ ನಡೆದು, ಕಥೆಯೊಳಗಿನ ಒಂದು ಧರ್ಮಸೂಕ್ಷ್ಮ ಕಣ್ಣಿಗೆ ಬೀಳದೆ ಹೋಯಿತು. ಇಂಡಿಯಾದ ಕಡಲತಡಿಯ ಚಂದ್ರದೇವಿಯ ಗುಡಿಯಲ್ಲಿ ಸೆರೆಯಾಗಿರುವ ಗ್ರೀಕ್ ಕನ್ಯೆ ಕ್ಯಾರಿಟಿಯನ್. ಬಿಡಿಸಲು ಬಂದವರಲ್ಲಿ ವಿದೂಷಕನು, ಹೋಗುವಾಗ ದೇವಿಯ ಒಡವೆಯಲ್ಲಿ ಒಂದಿಷ್ಟನ್ನು ಎತ್ತಿಕೊಳ್ಳೋಣವೆನ್ನುತ್ತಾನೆ. ಆಕೆ ತಡೆಯುತ್ತಾಳೆ, ದೈವದ್ರೋಹ ಮಾಡಿ ದೈವದ ರಕ್ಷೆಯನ್ನು ಬೇಡಲಾಗದೆಂಬುದು ಆಕೆಯ ನಿಲವು. ಗುಡಿ ಆಕೆಯ ಸೆರೆಮನೆ, ದೇವಿ ಪರದೇಶದವಳು. ಆದರೂ ಆ ದೇವಿಯ ಸೊತ್ತು ಆ ದೇವಿಗೇ ಸೇರಿದುದೆಂಬ ಅರಿವು ಆಕೆಗಿದೆ. ಅನ್ಯಧರ್ಮದ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕಿಲ್ಲ. ಒಸೈರಿಸನ ಸೊತ್ತು ಒಸೈರಿಸನದು. ನಮ್ಮ ಗುಡಿಯ ಅಲಂಕಾರಕ್ಕೆಂದು ಅದನ್ನು ಎತ್ತಿ ತರುವುದು ವಿದೂಷಕನ ಕೆಲಸ.

ಹೀಗೆ ಹೇಳಿದರೆ ಈಜಿಪ್ಟಿಗೂ ನಮಗೂ ಸಂಬಂಧವೇ ಇರಲಿಲ್ಲವೆಂದು ಹೇಳಿದಂತಲ್ಲ. ಇದ್ದ ಸಂಬಂಧ ಕಲ್ಪಿತ ಸಂಬಂಧಕ್ಕಿಂತ ಸೊಗಸಾಗಿದೆ. ಆಲೂರು ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಹಾಲವಾಣಕ್ಕೂ ಸಿಲ್ವರ್ ಮರಕ್ಕೂ ಹಬ್ಬಿರುವ ಕರಿಮೆಣಸಿನ ಬಳ್ಳಿಯ ತವರು ಈ ಪಶ್ಚಿಮಘಟ್ಟವೇ. ಮೇಲೆ ಹೇಳಿದ ರಾಮ್ಸೆಸನ ಶವವನ್ನು ೧೯೭೬ರಲ್ಲಿ ಪ್ಯಾರಿಸಿನಲ್ಲಿ ಪರೀಕ್ಷಿಸಿದಾಗ ಮೂಗಿನೊಳಗೆ ಕರಿಮೆಣಸಿನ ಕಾಳುಗಳು ಕಂಡವು. ಕೆಂಪುಸಮುದ್ರದ ಬೆರೆನಿಕೆ ರೇವಿನಲ್ಲಿ, ಸೆರಾಪಿಸ್ ದೇವರ ಗುಡಿಯ ಅಂಗಳದಲ್ಲಿ, ಕ್ರಿ. ಶ. ೧ನೆಯ ಶತಮಾನದ ಒಂದು ಹರವಿಯ ತುಂಬ ಏಳೂವರೆ ಕಿಲೋಗ್ರಾಮಿನಷ್ಟು ಮೆಣಸು ದೊರೆತಿದೆ, ಹರವಿಯೂ ಇಂಡಿಯಾದ್ದೇ. ಅದೇ ಬೆರೆನಿಕೆಯ ಐಸಿಸ್ ಗುಡಿಯಲ್ಲಿ ೨೦೨೨ರಲ್ಲಿ ಅಮೃತಶಿಲೆಯ ಬುದ್ಧಮೂರ್ತಿಯೊಂದು ಸಿಕ್ಕಿತು. ರೋಮ್ ಚಕ್ರವರ್ತಿ ಫಿಲಿಪ್ಪನ ಕಾಲದ, ಎಂದರೆ ೨೪೪ರಿಂದ ೨೪೯ರೊಳಗಿನ, ಸಂಸ್ಕೃತ ಶಾಸನವೂ ಅಲ್ಲಿದೆ. ಬುದ್ಧನು ಅಲ್ಲಿ ಬುದ್ಧನಾಗಿಯೇ ಇದ್ದಾನೆ. ಐಸಿಸಳ ಪೂಜಾರಿಗಳು ಅವನನ್ನು ಒಸೈರಿಸನನ್ನಾಗಿ ತಿದ್ದಲಿಲ್ಲ, ತಂದವನು ಐಸಿಸಳನ್ನು ಮಾಯಾದೇವಿಯೆಂದು ಬರೆಯಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರಿಗೂ ಎಡೆಯಿತ್ತು.

ಸಂವಾದಕ್ಕೆ ನಮ್ಮಲ್ಲಿಯೇ ಶೂನ್ಯಸಂಪಾದನೆಯೆಂಬ ಮಹಾಮಾದರಿಯಿದೆ. ಅಲ್ಲಿ ಅಲ್ಲಮಪ್ರಭುವು ಸಿದ್ಧರಾಮನನ್ನೂ ಮುಕ್ತಾಯಕ್ಕನನ್ನೂ ಗೋರಕ್ಷನನ್ನೂ ಎದುರುಗೊಳ್ಳುವಾಗ, ಮೊದಲು ಅವರವರ ಮಾತನ್ನು ಅವರವರ ಬಾಯಿಂದಲೇ ಹೊರಡಿಸುತ್ತಾನೆ. ಪ್ರಶ್ನೆ ಹರಿತವಾಗಿರುತ್ತದೆ, ಆದರೆ ಎದುರಾಳಿಯ ಉತ್ತರವನ್ನು ಪ್ರಭುವು ತಾನೇ ಕಲ್ಪಿಸಿ ಹೇಳುವುದಿಲ್ಲ. ಈಜಿಪ್ಟಿನ ಧರ್ಮವು ಬಾಯಿಬಿಟ್ಟು ಉತ್ತರಿಸಲಾರದು ನಿಜ. ೧೮೨೨ರಿಂದೀಚೆಗೆ ಅದರ ಬರಹಗಳು ಉತ್ತರಿಸಬಲ್ಲವು. ಆ ಬರಹಗಳನ್ನು ಓದುವ ಶ್ರಮವನ್ನು ನಮ್ಮ ತರುಣ ವಿದ್ಯಾರ್ಥಿಗಳು ಕೈಗೊಳ್ಳಬೇಕು. ಹಾರ್ನುಂಗರ ಗ್ರಂಥದಂಥವು ಕನ್ನಡಕ್ಕೆ ಬರಬೇಕು.

ಕಾರ್ಜುವಳ್ಳಿ, ತೆಂಕಲಗೂಡುಗಳಂಥ ಮಠಗಳ ನೆರಳಿನಲ್ಲಿ ಬೆಳೆದ ಈ ಬೆಟ್ಟಸೀಮೆಯ ಭಕ್ತರಿಗೆ ಸತ್ತುಹೋದ ದೂರದ ಧರ್ಮವೊಂದರ ಚಿಂತೆ ಏಕೆಂದು ಕೆಲವರು ಕೇಳಬಹುದು. ನಮ್ಮ ಸಂತೆಗಳಲ್ಲಿಯೂ ತೋಟಗಳ ಕೂಲಿಮನೆಗಳಲ್ಲಿಯೂ ಶಾಲೆಯ ಬೆಂಚುಗಳ ಮೇಲೂ ಬೇರೆ ಬೇರೆ ಧರ್ಮದವರು ನಿತ್ಯವೂ ಜೊತೆಗಿದ್ದಾರೆ. ಅವರ ನಂಬಿಕೆಯ ಅರ್ಥವನ್ನು ಅವರನ್ನು ಕೇಳದೆ ನಾವೇ ಹೇಳಿಬಿಡುವ ಪ್ರಸಂಗಗಳು ವಿರಳವೇನೂ ಅಲ್ಲ. ಮರುನುಡಿಯಲಾರದ ಒಸೈರಿಸನ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳಲು ಕಲಿತವನು ಮರುನುಡಿಯಬಲ್ಲ ನೆರೆಯವನ ಮಾತಿಗೂ ಕಿವಿಗೊಡುವನು. ಅಷ್ಟಾದರೆ ತೌಲನಿಕ ಅಧ್ಯಯನದ ಶ್ರಮ ಸಾರ್ಥಕ.